ಮೇಡಂ ಬಾಯಲ್ಲಿ ನಿಲ್ಲದ ಹಕಾರ

ಆ ಮೇಡಂ ಪಾಠ ಮಾಡುತ್ತಿದ್ದ ಕೊಠಡಿಯ ಮುಂದೆ ಹಾದುಹೋಗುವಾಗ ನಾನು ಬೇಕೆಂದೇ ನಡಿಗೆ ನಿಧಾನ ಮಾಡುತ್ತಿದ್ದೆ. ಭೌತಶಾಸ್ತ್ರ ಕಲಿಯುವ ಆಸೆಯಿಂದಲ್ಲ, ತಪ್ಪು ಹಿಡಿಯುವ ಆಸೆಯಿಂದ. ಒಳಗಿನಿಂದ ‘ಐಡ್ರೋಜನ್’ ಬರುತ್ತಿತ್ತು, ‘ಈಲಿಯಂ’ ಬರುತ್ತಿತ್ತು, ‘ಆಫ್ ವೇವು’ ಬರುತ್ತಿತ್ತು. ನಾನು ಬೆರಳು ಮಡಚಿ ಎಣಿಸುತ್ತ ಸ್ಟಾಫ್ ರೂಮಿಗೆ ಹೋಗಿ, ಇವತ್ತು ಮೇಡಂ ಹದಿನಾಲ್ಕು ಹಕಾರ ನುಂಗಿದರು ಎಂದು ವರದಿ ಒಪ್ಪಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನು ಕನ್ನಡ ಮೇಷ್ಟ್ರು. ಉಚ್ಚಾರಣೆ ನನ್ನ ಹೊಟ್ಟೆಪಾಡು.

ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಹದಿಮೂರು ವರ್ಷದಿಂದ ಅತಿಥಿ. ಅಷ್ಟು ವರ್ಷ ಯಾರ ಮನೆಯಲ್ಲೂ ಅತಿಥಿಯನ್ನು ಇಟ್ಟುಕೊಳ್ಳುವುದಿಲ್ಲ, ಆದರೆ ಕಾಲೇಜುಗಳ ಮನಸ್ಸು ದೊಡ್ಡದು. ಪ್ರತಿ ವರ್ಷ ಹೊಸ ಪಟ್ಟಿ ಬರುತ್ತದೆ, ಅದರಲ್ಲಿ ನನ್ನ ಹೆಸರಿದ್ದರೆ ಇದ್ದೇನೆ, ಇಲ್ಲದಿದ್ದರೆ ಇಲ್ಲ. ನಮ್ಮೂರು ಹನೂರಿನ ಆಚೆ. ನನ್ನ ಅವ್ವ ಇವತ್ತಿಗೂ ‘ಓಗ್ಬುಟ್ಟು ಬಾ’ ಎಂದೇ ಕಳಿಸುವುದು. ಭಾಷಣ ಸ್ಪರ್ಧೆಗಳಿಗೆಂದು ಹೈಸ್ಕೂಲಿನಲ್ಲಿ ಕನ್ನಡಿಯ ಮುಂದೆ ನಿಂತು ಹಕಾರ ತಿದ್ದಿಕೊಂಡವನು ನಾನು. ಕಷ್ಟಪಟ್ಟು ಗಳಿಸಿದ್ದು, ಹಾಗಾಗಿ ಇಲ್ಲದವರನ್ನು ಕಂಡರೆ ಒಂದು ತಾತ್ಸಾರ. ತನ್ನ ಎಲೆಯಲ್ಲಿ ಕತ್ತೆ ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕುವ ಜಾತಿ.

ಮೇಡಂ ಕಾಯಂ ಉಪನ್ಯಾಸಕಿ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಾಂಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸೀಮೆಸುಣ್ಣದ ಕೈಯನ್ನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಳ್ಳುವುದು ಅವರ ಅಭ್ಯಾಸ, ಹೊರಗೆ ಕಾಣಬಾರದಲ್ಲ. ಪ್ರಯೋಗಾಲಯದ ಮೂಲೆಯಲ್ಲಿ ಅವರದೊಂದು ಕಂಪ್ಯೂಟರ್ ಇತ್ತು. ಅದು ಒಂದೊಂದು ಲೆಕ್ಕವನ್ನು ಎರಡು ದಿನ, ಮೂರು ದಿನ ಮಾಡುತ್ತಿತ್ತು. ಕ್ಲಾಸು ಮುಗಿಸಿ ಬಂದವರೇ ಮೊದಲು ಅದರ ಮುಂದೆ ಬಗ್ಗಿ ನೋಡುತ್ತಿದ್ದರು. ಏನು ಮೇಡಂ ಎಂದರೆ, “ಇನ್ನೂ ಬೇಯ್ತಾ ಅದೆ ಕಣಪ್ಪ” ಎನ್ನುತ್ತಿದ್ದರು. ಕರೆಂಟು ಹೋಗಿ ಯುಪಿಎಸ್ಸೂ ಕೈಕೊಟ್ಟ ದಿನ, “ಅರೆಬೆಂದದ್ದ ಇಳಿಸ್ಬುಟ್ರು” ಎಂದು ಮೊದಲಿಂದ ಶುರು ಮಾಡುತ್ತಿದ್ದರು. ಯಾರನ್ನೂ ಬೈಯುತ್ತಿರಲಿಲ್ಲ.

ಅದರಲ್ಲಿ ಬೇಯುತ್ತಿದ್ದದ್ದು ಏನೆಂದು ಒಂದು ಮಧ್ಯಾಹ್ನ ನನಗೆ ಬಿಡಿಸಿ ಹೇಳಿದರು. ಕಬ್ಬಿಣ ಮತ್ತು ಸೆಲೆನಿಯಂ ಸೇರಿದ ಒಂದು ವಸ್ತು. ಅದನ್ನು ವಿಪರೀತ ತಣ್ಣಗೆ ಮಾಡಿದರೆ ಅದರೊಳಗೆ ವಿದ್ಯುತ್ತು ಒಂಚೂರೂ ತಡೆಯಿಲ್ಲದೆ ಹರಿಯುತ್ತದೆ. ಅತಿವಾಹಕ ಎನ್ನುತ್ತಾರೆ. “ಕಬ್ಬಿಣ ಅಂದ್ರೆ ಮ್ಯಾಗ್ನೆಟ್ಟು. ಮ್ಯಾಗ್ನೆಟ್ಟಿಗೂ ಇದ್ಕೂ ಎಣ್ಣೆ ಸೀಗೆಕಾಯಿ. ಅಂಥದ್ರಲ್ಲಿ ಇದು ಎಂಗ್ ಬಂತು? ಇನ್ನೂ ಯಾರ್ಗೂ ಪೂರ್ತಿ ಗೊತ್ತಿಲ್ಲ ಕಣಪ್ಪ” ಎಂದರು. ಗೊತ್ತಿಲ್ಲ ಎನ್ನುವಾಗ ಅವರ ಮುಖ ಅರಳುತ್ತಿತ್ತು. ಗೊತ್ತಿಲ್ಲ ಎನ್ನುವಾಗ ನನ್ನ ಮುಖ ಬಾಡುತ್ತದೆ. ನಮ್ಮಿಬ್ಬರ ವ್ಯತ್ಯಾಸ ಅಷ್ಟೇ ಎನ್ನಿ.

ಆ ವಸ್ತುವಿನೊಳಗೆ ಎಲೆಕ್ಟ್ರಾನುಗಳು ಹೇಗೆ ಹರಡಿಕೊಂಡಿವೆ ಎಂಬುದರ ನಕ್ಷೆ ಬಿಡಿಸುವುದು ಅವರ ಕೆಲಸ. ನಕ್ಷೆಯಲ್ಲಿ ಗುಳಿಗಳಿರುತ್ತವೆ. ಕೆಲವು ಎಲೆಕ್ಟ್ರಾನುಗಳು ತುಂಬಿದ ಗುಳಿ, ಕೆಲವು ಎಲೆಕ್ಟ್ರಾನು ಇರಬೇಕಾದ ಕಡೆ ಇಲ್ಲದೆ ಆದ ಗುಳಿ. ಈ ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಹೋಲ್ ಎನ್ನುತ್ತಾರೆ. ಮೇಡಂ ಬಾಯಲ್ಲಿ ಅದು ಓಲ್. ಕ್ಲಾಸಿನಲ್ಲಿ ಅದನ್ನು ಹೇಳಿಕೊಡುವ ರೀತಿ ಚೆನ್ನಾಗಿತ್ತು, ಅದನ್ನಾದರೂ ಒಪ್ಪಬೇಕು. “ಯಳಂದೂರು ಬಸ್ಸು ತುಂಬ್ಕಂಡದೆ, ಮುಂದ್ಗಡೆ ಒಂದ್ ಸೀಟು ಮಾತ್ರ ಖಾಲಿ. ಇಂದಿನವ್ನು ಮುಂದುಕ್ ಓದ. ಅವನ ಇಂದಿನವ್ನು ಅವನ ಜಾಗುಕ್ ಬಂದ. ಅಂಗೇ ಒಬ್ಬೊಬ್ರೂ. ಕೊನ್ಗೆ ಖಾಲಿ ಸೀಟು ಎಲ್ಲಿಗ್ ಬಂತು? ಇಂದಕ್ ಬಂತು. ನಡ್ದೋರು ಜನ, ಆದ್ರೆ ನಮ್ ಕಣ್ಗೆ ನಡ್ದಿದ್ದು ಖಾಲಿ ಸೀಟು. ಅದೇ ಕಣ್ರಲಾ ಓಲ್.”

ಹುಡುಗರಿಗೆ ಅರ್ಥವಾಗುತ್ತಿತ್ತು. ಆದರೆ ಹುಡುಗರಿಗೆ ಒಂದು ಅಡ್ಡಹೆಸರೂ ಬೇಕಿತ್ತು, ಅದನ್ನು ಒದಗಿಸಿದವನು ನಾನು. ಬುರುಡೆ ಬಿಡುವುದಕ್ಕೆ ಓಳು ಬಿಡುವುದು ಎನ್ನುತ್ತೇವಲ್ಲ. ಒಂದು ದಿನ ಕ್ಲಾಸಿನಲ್ಲಿ ಪ್ರಾಸದ ಪಾಠ ಮಾಡುತ್ತ, ಓಲಿಗೂ ಓಳಿಗೂ ಒಂದೇ ಅಕ್ಷರದ ದೂರ ನೋಡ್ರಪ್ಪ ಎಂದೆ. ಅಷ್ಟೇ ಅಂದದ್ದು. ಮಾರನೆಯ ದಿನದಿಂದ ಅವರು ‘ಓಳು ಮೇಡಂ’. ಅವರ ಕಿವಿಗೂ ಬಿತ್ತು. ಯಾರು ಇಟ್ಟ ಹೆಸರೆಂದು ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಸುಳ್ಳು ಹೆಸರು ಅದು. ಅವರಷ್ಟು ಬುರುಡೆಗೆ ಆಗದವರನ್ನು ನಾನು ಕಂಡಿಲ್ಲ. ಮುಳ್ಳೂರಿನ ಒಬ್ಬಳು ಹುಡುಗಿ ಒಮ್ಮೆ ಪರೀಕ್ಷೆಯಲ್ಲಿ ಒಂದು ಲೆಕ್ಕದ ಉತ್ತರ ಸರಿಯಾಗಿ ಬರೆದಿದ್ದಳು, ನಡುವಿನ ಹೆಜ್ಜೆಗಳಲ್ಲಿ ಎರಡು ತಪ್ಪು. ಒಂದು ತಪ್ಪನ್ನು ಇನ್ನೊಂದು ತಪ್ಪು ಹೊಡೆದುಹಾಕಿ ಉತ್ತರ ಸರಿ ಬಂದಿತ್ತು. ಮೇಡಂ ಸೊನ್ನೆ ಕೊಟ್ಟರು. ಹುಡುಗಿ ಅಳುತ್ತ, “ಆನ್ಸರ್ ಸರ್ಯಾಗೇ ಅದಲ್ಲ ಮಿಸ್” ಎಂದಳು. “ಸರ್ಯಾಗೇ ಅದೆ ಕಣವ್ವ. ಆದ್ರೆ ಉತ್ರ ತಾನಾಗೇ ಬಂದು ಕುಂತದೆ. ನೀನು ಕರ್ಕಂಡು ಬಂದಿಲ್ಲ.” ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಲೆಕ್ಕ ಸರಿಯಾಗುವ ತನಕ ಊಟಕ್ಕೆ ಬಿಡಲಿಲ್ಲ, ತಾವೂ ಉಣ್ಣಲಿಲ್ಲ.

ಈ ಕಬ್ಬಿಣದ ಕೆಲಸ ಅವರ ಪಿಎಚ್‌ಡಿಗಾಗಿ. ನಲವತ್ತು ದಾಟಿದ ಮೇಲೆ, ಕೆಲಸ ಮಾಡುತ್ತಲೇ ಸೇರಿಕೊಂಡದ್ದು. ಅವರ ಅತ್ತೆ ಮಾಂಬಳ್ಳಿಯಲ್ಲೆಲ್ಲ ನಮ್ಮ ಸೊಸೆ ಡಾಕ್ಟ್ರಾಗ್ತಾವ್ಳೆ ಎಂದು ಹೇಳಿಕೊಂಡು ಬಂದಿದ್ದರಿಂದ, ಆಗಲೇ ಇಬ್ಬರು ಮಂಡಿನೋವಿಗೆ ಮದ್ದು ಕೇಳಲು ಬಂದಿದ್ದರಂತೆ. ಅವರ ಯಜಮಾನರು ಊರಿನ ಹಾಲಿನ ಡೈರಿಯ ಕಾರ್ಯದರ್ಶಿ, ಮಾತು ಕಡಿಮೆಯ ಮನುಷ್ಯ. ಹೆಂಡತಿಗೆ ತಡವಾದ ದಿನ ಸ್ಕೂಟರಿನಲ್ಲಿ ಬಂದು ಗೇಟಿನ ಹೊರಗೇ ಕಾಯುತ್ತಿದ್ದರು. ಒಳಗೆ ಬನ್ನಿ ಎಂದರೆ, “ಅವ್ಳ ಕೆಲ್ಸ ಮುಗೀಲಿ ಬುಡಿ ಸಾ” ಎನ್ನುತ್ತಿದ್ದರು. ಪಿಎಚ್‌ಡಿಗೆ ಸೇರಿ ಒಂಬತ್ತು ವರ್ಷವಾಗಿತ್ತು. ನೋಂದಣಿಯ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಪ್ರಬಂಧ ಒಪ್ಪಿಸಬೇಕಾದರೆ ಒಂದು ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿರಬೇಕಿತ್ತು. ಅದೊಂದೇ ಬಾಕಿ ಇತ್ತು.

ಆ ಲೇಖನವೂ ಒಪ್ಪಿಗೆಯಾಯಿತು. ಒಂದು ಚಿತ್ರ ಮಾತ್ರ ಸ್ಪಷ್ಟವಾಗಿಲ್ಲ, ಇಂಥ ದಿನ ಸಂಜೆಯೊಳಗೆ ಬೇರೆ ಕಳಿಸಿ ಎಂದು ಪತ್ರಿಕೆಯವರು ಕೇಳಿದರು. ಆ ದಿನ ಮೇಡಂ ಎನ್ಎಸ್ಎಸ್ ಶಿಬಿರಕ್ಕೆ ಹುಡುಗಿಯರನ್ನು ಕರೆದುಕೊಂಡು ಗಡಿಯಂಚಿನ ಮಾರ್ಟಳ್ಳಿಗೆ ಹೋಗಿದ್ದರು. ಅಲ್ಲಿ ಫೋನಿಗೆ ಸಿಗ್ನಲ್ ಬಂದರೆ ಬಂತು, ಬಂದರೂ ಅರ್ಧ ತಮಿಳುನಾಡಿನದು. ನಾಲ್ಕು ಗಂಟೆಯ ಹೊತ್ತಿಗೆ ನನಗೆ ಅವರ ಫೋನು ಬಂತು.

“ನನ್ ಕಂಪ್ಯೂಟ್ರು ಆನಾಗೇ ಅದೆ ಕಣಪ್ಪ. ಈಮೇಲೂ ತೆಗ್ದೇ ಅದೆ. ಓಲ್ ಅಂತ ಒಂದ್ ಫೈಲದೆ, ಅದ್ನ ನಮ್ ಗೈಡ್‌ಗೆ ಕಳಿಸ್ಬುಡು. ಅವ್ರು ಪತ್ರಿಕೆಗೆ ಕಳಿಸ್ತಾರೆ.”

“ಓಲ್ಡ್ ಅಂತಾನಾ ಮೇಡಂ?”

“ಊ ಕಣಪ್ಪ, ಓಲ್, ಓಲ್...” ಎನ್ನುವಷ್ಟರಲ್ಲಿ ಫೋನು ಕಡಿದುಹೋಯಿತು.

ಹೋಗಿ ನೋಡಿದೆ. ಪರದೆಯ ಮೇಲೆ ಎರಡು ಫೈಲುಗಳು ಅಕ್ಕಪಕ್ಕ ಇದ್ದವು. ಒಂದರ ಹೆಸರು ಇಂಗ್ಲಿಷಿನಲ್ಲಿ ಹೋಲ್, ಇನ್ನೊಂದರದು ಓಲ್ಡ್. ನಾನು ಎರಡನ್ನೂ ನೋಡಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಹಳೆಯದನ್ನು ಯಾಕೆ ಕೇಳುತ್ತಾರೆ ಎಂಬ ಅನುಮಾನವೂ ಬಂತು. ಮತ್ತೆ ಫೋನು ಮಾಡಿದೆ, ಸಿಗಲಿಲ್ಲ. ಇನ್ನೊಮ್ಮೆ ಮಾಡಬಹುದಿತ್ತು. ಐದು ಗಂಟೆಗೆ ಹನೂರಿನ ಬಸ್ಸಿತ್ತು. ಹತ್ತು ವರ್ಷ ಆ ಬಾಯಿಯಿಂದ ಬಿದ್ದ ಹಕಾರಗಳನ್ನು ಬೆರಳು ಮಡಚಿ ಎಣಿಸಿದವನಿಗೆ, ಬೇಕಾದ ಒಂದು ದಿನ ಆ ಲೆಕ್ಕ ನೆನಪಾಗಲಿಲ್ಲ. ಹೊರಗಿನಿಂದ ಬಂದ ಯಾರಾದರೂ ಹಾಗೆ ಕೇಳಿಸಿಕೊಂಡಿದ್ದರೆ ತಪ್ಪಲ್ಲ. ನಾನು ನಮ್ಮವ್ವನ ಮಗ. ಓಲ್ ಎಂದರೆ ಹೋಲ್ ಎಂದು ನನಗಲ್ಲದೆ ಇನ್ಯಾರಿಗೆ ತಿಳಿಯಬೇಕಿತ್ತು? ಓಲ್ಡ್ ಫೈಲನ್ನು ಕಳಿಸಿ ಬಸ್ಸು ಹಿಡಿದೆ.

ಎರಡು ಚಿತ್ರಕ್ಕೂ ಇದ್ದ ವ್ಯತ್ಯಾಸ ಒಂದು ಗುಳಿಯದು. ಕಬ್ಬಿಣದ ಪರಮಾಣುಗಳು ಒಂದು ಹಾಳೆಯ ಹಾಗೆ ಹರಡಿರುತ್ತವೆ, ಅದರ ಮೇಲೂ ಕೆಳಗೂ ಸೆಲೆನಿಯಂ ಕೂತಿರುತ್ತದೆ. ಆ ಸೆಲೆನಿಯಂ ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಎತ್ತರವನ್ನು ಕಂಪ್ಯೂಟರಿಗೇ ಬಿಟ್ಟರೆ ಅದು ಇರುವುದಕ್ಕಿಂತ ಕೂದಲೆಳೆಯಷ್ಟು ತಗ್ಗಿಸಿ ಕೂರಿಸುತ್ತದೆ, ಆಗ ಒಂದು ಗುಳಿ ಮುಚ್ಚಿಹೋಗುತ್ತದೆ. ಮೇಡಂ ಮೊದಲು ಹಾಗೆ ಮಾಡಿದ ಚಿತ್ರವೇ ಓಲ್ಡ್. ಆಮೇಲೆ ನಿಜವಾಗಿ ಅಳೆದ ಎತ್ತರ ಹಾಕಿ ಮತ್ತೆ ಬೇಯಿಸಿದರು, ಗುಳಿ ತೆರೆದುಕೊಂಡಿತು. ಅದು ಹೋಲ್. ತಮಾಷೆ ಏನೆಂದರೆ, ದೊಡ್ಡ ಪ್ರಯೋಗಾಲಯಗಳಲ್ಲಿ ಆ ವಸ್ತುವನ್ನು ಪರೀಕ್ಷಿಸಿದವರಿಗೆ ಅಲ್ಲಿ ಗುಳಿ ಕಂಡಿರಲಿಲ್ಲ. ಹಾಗಾಗಿ ಸರಿಯಾದ ಎತ್ತರ ಹಾಕಿದ ಲೆಕ್ಕ ಪ್ರಯೋಗಕ್ಕೆ ಹೊಂದುತ್ತಿರಲಿಲ್ಲ, ತಪ್ಪು ಎತ್ತರದ್ದು ಹೊಂದುತ್ತಿತ್ತು. ನನ್ನ ಲೆಕ್ಕ ಹೊಂದುತ್ತಿಲ್ಲ, ಎಷ್ಟು ಹೊಂದುತ್ತಿಲ್ಲ ನೋಡಿ ಎಂದು ತೋರಿಸುವುದೇ ಮೇಡಂ ಲೇಖನದ ಉದ್ದೇಶ.

ಗೈಡಿಗೆ ನಾನು ಕಳಿಸಿದ ಚಿತ್ರ ಸಿಕ್ಕಿತು. ಶಿಷ್ಯೆ ಕೊನೆಗೂ ಲೆಕ್ಕ ಹೊಂದಿಸಿದಳು ಎಂದು ಅವರು ಖುಷಿಪಟ್ಟು, ಚಿತ್ರಕ್ಕೆ ತಕ್ಕ ಹಾಗೆ ನಾಲ್ಕು ವಾಕ್ಯ ತಿದ್ದಿ ಕಳಿಸಿಬಿಟ್ಟರು. ಶಿಬಿರ ಮುಗಿಸಿ ಬಂದ ಮೇಡಂ ಮೌಲ್ಯಮಾಪನಕ್ಕೆ ಹೋದರು. ಅವರು ನೋಡುವಷ್ಟರಲ್ಲಿ ಲೇಖನ ಅಚ್ಚಾಗಿತ್ತು, ಮೂರು ಕಡೆಯಿಂದ ಅಭಿನಂದನೆಯೂ ಬಂದಿತ್ತು.

ಪ್ರಯೋಗಾಲಯಕ್ಕೆ ನನ್ನನ್ನು ಕರೆದು, “ಅವತ್ತು ಯಾವ್ ಫೈಲು ಕಳಿಸ್ದಪ್ಪ?” ಎಂದರು. ತೋರಿಸಿದೆ. “ನೀವು ಓಲ್ಡ್ ಅಂದ್ರಿ ಮೇಡಂ” ಎಂದೆ. ಅವರು ಎರಡು ಹೆಸರನ್ನೂ ನೋಡಿದರು. ತುಟಿ ಅಲುಗಿತು, ಒಳಗೇ ಎರಡನ್ನೂ ಹೇಳಿ ನೋಡಿಕೊಂಡರೆಂದು ಕಾಣುತ್ತದೆ. ಆಮೇಲೆ ನಕ್ಕರು. “ನಿನ್ ಕಿವಿದೇನೂ ತೆಪ್ಪಿಲ್ಲ ಬುಡು. ನನ್ ನಾಲ್ಗೇದು” ಎಂದರು.

ಗೈಡಿಗೆ ನನ್ನೆದುರೇ ಫೋನು ಮಾಡಿದರು. ಸ್ಪೀಕರಿನಲ್ಲಿ ಆ ದೊಡ್ಡವರ ಸಮಾಧಾನದ ದನಿ ಕೇಳಿಸುತ್ತಿತ್ತು. “ಪ್ರಯೋಗಕ್ಕೆ ಮ್ಯಾಚ್ ಆಗ್ತಿದೆಯಲ್ಲಮ್ಮ. ಎಲ್ಲರೂ ಒಪ್ಪಿದ್ದಾರೆ. ನೀವ್ಯಾಕೆ ಕೆದಕ್ತೀರಿ? ಥೀಸಿಸ್ ಸಬ್ಮಿಟ್ ಮಾಡಿ, ಆಮೇಲೆ ನೋಡೋಣ.”

“ಮ್ಯಾಚಾಯ್ತದೆ ಸಾ. ಆದ್ರೆ ಆ ಎತ್ರುದಲ್ಲಿ ಸೆಲೆನಿಯಂ ಇಲ್ವಲ್ಲ ಸಾ.”

“ಇದನ್ನ ವಾಪಸ್ ತಗೊಂಡ್ರೆ ನಿಮ್ಮ ರಿಜಿಸ್ಟ್ರೇಷನ್ನೇ ಹೋಗುತ್ತೆ. ಒಂಬತ್ತು ವರ್ಷ. ಯೋಚನೆ ಮಾಡಿ.”

ಅವರು ಯೋಚನೆ ಮಾಡಿದರು. ಹನ್ನೊಂದು ದಿನ. ಆ ದಿನಗಳಲ್ಲಿ ಕಂಪ್ಯೂಟರ್ ಹಚ್ಚಲಿಲ್ಲ, ಪಾಠ ಮಾತ್ರ ಮಾಡಿದರು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚದೆ ಕೂತಿದ್ದವರು ನನ್ನನ್ನು ನೋಡಿ, “ನಮ್ಮತ್ತೆಗೆ ಏನಂತ ಏಳದಪ್ಪ?” ಎಂದರು. ಕ್ಲಾಸಿಗೆ ಹೊತ್ತಾಯಿತೆಂದು ನಾನು ಹೊರಟೆ. ಹನ್ನೆರಡನೆಯ ದಿನ ಪತ್ರಿಕೆಗೆ ತಾವೇ ಬರೆದು ಲೇಖನ ವಾಪಸ್ ತೆಗೆಸಿದರು. ಗೈಡು ಕೈಬಿಟ್ಟರು. ಅವಧಿ ಮುಗಿದು ನೋಂದಣಿ ರದ್ದಾಯಿತು.

ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆವು. ಲೇಖನ ಹಿಂತೆಗೆಯಲಾಗಿದೆ ಎಂಬ ಪತ್ರಿಕೆಯ ಸೂಚನೆಯನ್ನು ಯಾರೋ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ತಾವಾಗಿ ಒಪ್ಪಿಕೊಂಡವರಿಗೂ ಸಿಕ್ಕಿಬಿದ್ದವರಿಗೂ ಆ ಸೂಚನೆಯಲ್ಲಿ ಭಾಷೆ ಒಂದೇ. ಮೇಡಂ ಚಿತ್ರ ತಿರುಚಿ ಸಿಕ್ಕಿಬಿದ್ದರಂತೆ ಎಂಬುದು ವಾರದೊಳಗೆ ಹುಡುಗರವರೆಗೆ ಹೋಯಿತು. ಅಡ್ಡಹೆಸರು ಮೊದಲೇ ಸಿದ್ಧವಿತ್ತಲ್ಲ, ಹೊಸದು ಹುಡುಕುವ ಕಷ್ಟ ಅವರಿಗೆ ಬರಲಿಲ್ಲ. ಮೇಲಿನಿಂದ ವಿವರಣೆ ಕೇಳಿ ಪತ್ರ ಬಂತು. ಪ್ರಿನ್ಸಿಪಾಲರು ಎಲ್ಲರನ್ನೂ ಕೂರಿಸಿ ಸಭೆ ಮಾಡಿದರು.

“ಚಿತ್ರ ಕಳಿಸಿದ ದಿನ ನೀವು ಮಾರ್ಟಳ್ಳಿ ಕ್ಯಾಂಪಲ್ಲಿದ್ರಿ ಅಂತ ರಿಜಿಸ್ಟರಲ್ಲಿದೆ. ಹಾಗಾದ್ರೆ ಕಳಿಸಿದ್ದು ಯಾರು ಮೇಡಂ? ಇನ್ನೊಬ್ಬರ ಕಂಪ್ಯೂಟರ್ ಮುಟ್ಟೋದು ನಮ್ಮಲ್ಲಿ ನಿಷಿದ್ಧ, ಗೊತ್ತಲ್ಲ?”

ನಾನು ಅವರ ಎದುರಿಗೆ ಮೂರನೆಯ ಕುರ್ಚಿಯಲ್ಲಿದ್ದೆ. ಆ ವರ್ಷದ ಅತಿಥಿಗಳ ಪಟ್ಟಿ ಪ್ರಿನ್ಸಿಪಾಲರ ಮೇಜಿನ ಮೇಲೇ ಇತ್ತು, ಇನ್ನೂ ಸಹಿಯಾಗಿರಲಿಲ್ಲ. ನಾನು ಕೂತೇ ಇದ್ದೆ. ಮೇಡಂ ನನ್ನ ಕಡೆ ನೋಡಲೂ ಇಲ್ಲ.

“ನಾನೇ ಕಳಿಸ್ದೆ ಸಾ. ಗುಡ್ಡ ಅತ್ತುದ್ರೆ ಸಿಗ್ನಲ್ ಬತ್ತದೆ. ಫೋನಲ್ಲೇ ಕಳಿಸ್ದೆ. ನೋಡ್ದೆ ಕಳಿಸ್ಬುಟ್ಟೆ.”

ಬರೆದುಕೊಡಿ ಎಂದರು. ಅಲ್ಲೇ ಬರೆದುಕೊಟ್ಟರು. ನನಗೆ ಗೊತ್ತಿರುವಂತೆ ಅವರು ಹೇಳಿದ ಒಂದೇ ಸುಳ್ಳು ಅದು.

ಹೊರಗೆ ಮೆಟ್ಟಿಲ ಹತ್ತಿರ, ಯಾಕೆ ಮೇಡಂ ಹೀಗೆ ಮಾಡಿದಿರಿ ಎಂದೆ. ಆ ಪ್ರಶ್ನೆ ಕೇಳಲೂ ನನಗೆ ಯೋಗ್ಯತೆ ಇರಲಿಲ್ಲ. “ನಿನ್ ಎಸ್ರು ಪಟ್ಟೀಲಿ ಬರ್ಬೇಕಲ್ಲಪ್ಪ. ನಂದು ಓಗದು ಓಯ್ತು. ಇಬ್ರುದೂ ಯಾಕ್ ಓಗ್ಬೇಕು?” ಎಂದರು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಆ ವರ್ಷವೂ ಪಟ್ಟಿಯಲ್ಲಿ ನನ್ನ ಹೆಸರು ಬಂತು, ಮುಂದಿನ ಎರಡು ವರ್ಷವೂ ಬಂತು.

ಆ ಮೂರು ವರ್ಷ ಮೇಡಂ ಮೊದಲಿನ ಹಾಗೇ ಪಾಠ ಮಾಡಿದರು. ಕಂಪ್ಯೂಟರನ್ನು ಮತ್ತೆ ಹಚ್ಚಿದರು, ಯಾವ ಪದವಿಗೂ ಅಲ್ಲ, ಸುಮ್ಮನೆ. ಸರಿಯಾದ ಎತ್ತರದಲ್ಲಿ ಕಾಣುವ ಗುಳಿ ಪ್ರಯೋಗದಲ್ಲಿ ಯಾಕೆ ಕಾಣುವುದಿಲ್ಲ ಎಂದು ಹುಡುಕುತ್ತಿದ್ದರು. ಅವರ ಕೈಕೆಳಗೆ ಬಂದವರು ವಿಭಾಗದ ಮುಖ್ಯಸ್ಥರಾದರು. ಪರೀಕ್ಷಾ ಕೆಲಸಗಳಿಂದ ಅವರ ಹೆಸರನ್ನು ಸದ್ದಿಲ್ಲದೆ ಬಿಟ್ಟರು. ಒಮ್ಮೆ ಒಬ್ಬ ಹುಡುಗ ಅವರ ಮುಖದೆದುರೇ, ಈ ಗ್ರಾಫು ಒರಿಜಿನಲ್ಲಾ ಮೇಡಂ ಎಂದು ಕೇಳಿದ. ಅವರು ಬೋರ್ಡಿನ ಕಡೆ ತಿರುಗಿ ಅದನ್ನು ಮೊದಲಿಂದ ಬಿಡಿಸಿ ತೋರಿಸಿದರಂತೆ. ನಾನು ಮುಂದಿನ ವಾರ ಪ್ರಿನ್ಸಿಪಾಲರಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ಪ್ರತಿ ವಾರ ಅಂದುಕೊಂಡೆ. ಹೋದ ತಿಂಗಳು ಒಂದು ಬೆಳಿಗ್ಗೆ ಮೇಡಂ ಎದೆನೋವೆಂದರಂತೆ, ಮೈಸೂರಿನ ದಾರಿಯಲ್ಲೇ ತೀರಿಕೊಂಡರು.

ಶ್ರದ್ಧಾಂಜಲಿ ಸಭೆಗೆ ಅವರ ಯಜಮಾನರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪ್ರಿನ್ಸಿಪಾಲರು ಒಳ್ಳೆಯ ಮಾತೇ ಆಡಿದರು. ಕೊನೆಗೆ, “ಸಂಶೋಧನೆಯಲ್ಲಿ ಒಂದು ಸಣ್ಣ ಕಪ್ಪುಚುಕ್ಕೆ ಬಂತು, ಅದನ್ನು ಮರೆತು ಅವರ ಒಳ್ಳೆಯತನವನ್ನು ನೆನೆಯೋಣ” ಎಂದರು. ಆಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಫೋನು ಬಂದದ್ದು, ಎರಡು ಫೈಲು, ನಾನು ಕಳಿಸಿದ್ದು, ಅವರು ನನಗಾಗಿ ಸುಳ್ಳು ಬರೆದುಕೊಟ್ಟದ್ದು, ನಾನು ಕೂತೇ ಇದ್ದದ್ದು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನೋಡಿ, ನಮ್ಮ ಕನ್ನಡ ಮೇಷ್ಟ್ರ ದೊಡ್ಡ ಗುಣ. ಹೋದವರ ತಪ್ಪನ್ನೂ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ” ಎಂದರು.

“ಇಲ್ಲ ಸರ್, ನಿಜವಾಗಿ ನಾನೇ.”

“ಆಯ್ತು ಕೂತ್ಕೊಳ್ಳಿ. ಅವರ ಕೈಬರಹದ ಹೇಳಿಕೆ ಫೈಲಿನಲ್ಲಿದೆ, ನಾನೇ ಓದಿದ್ದೀನಿ. ನಿಮ್ಮ ಭಾವನೆ ನಮಗೆ ಅರ್ಥವಾಗುತ್ತೆ.” ಯಾರೋ ಚಪ್ಪಾಳೆ ತಟ್ಟಿದರು. ಸಾವಿನ ಸಭೆ ಎಂಬುದನ್ನೂ ಮರೆತು ಉಳಿದವರೂ ತಟ್ಟಿದರು.

ಸಭೆ ಮುಗಿದ ಮೇಲೆ ಅವರ ಯಜಮಾನರು ನನ್ನನ್ನು ಹುಡುಕಿಕೊಂಡು ಬಂದರು. ಇವರಿಗಾದರೂ ಗೊತ್ತಿರುತ್ತದೆ, ಮನೆಯಲ್ಲಿ ಹೇಳಿಯೇ ಇರುತ್ತಾರೆ, ಇವರು ಉಗಿದರೆ ಉಗಿಯಲಿ ಎಂದು ನಾನು ತಲೆ ತಗ್ಗಿಸಿ ನಿಂತೆ.

“ಮೂರು ವರ್ಸವೂ ಅದೇ ಕೊರಗು ಸಾ ಅವ್ಳಿಗೆ. ನಾನೇ ನೋಡ್ದೆ ಕಳಿಸ್ಬುಟ್ಟೆ, ನನ್ ಕೈಯಾರ ನಾನೇ ಕೆಡಿಸ್ಕಂಡೆ ಅನ್ನೋಳು. ನಮ್ಮವ್ವಂಗೂ ಅಂಗೇ ಏಳಿದ್ಲು” ಎಂದರು. “ಅವ್ಳ್ ತೆಪ್ಪನ್ನ ಇಷ್ಟು ಜನದ ಮುಂದೆ ನಿಮ್ ಮೇಲೆ ಆಕ್ಕಂಡ್ರಿ. ನಿಮ್ ಉಪ್ಕಾರ ಮರ್ಯಕಿಲ್ಲ ಸಾ.” ಎರಡೂ ಕೈ ಎತ್ತಿ ಮುಗಿದರು. ಅವರ ಕಣ್ಣು ತುಂಬಿತ್ತು.

ಇಲ್ಲ, ನಾನು ಹೇಳಿದ್ದು ನಿಜ ಎಂದು ಆ ಮನುಷ್ಯನೊಬ್ಬನಿಗಾದರೂ ಹೇಳಬೇಕಿತ್ತು. ನಾನೂ ಕೈ ಮುಗಿದೆ.